ಬೆಳಿಗ್ಗೆ ನುಣುಪು, ಸಂಜೆ ಅಂಟು: ಬೆಳಗಾವಿಯ ಒಂದು ಪೂಲ್ ಕ್ಯೂ ಪ್ರಕರಣ

ಕಳೆದ ಮಳೆಗಾಲದಲ್ಲಿ ನನ್ನ ಕೈಗೆ ಬಂದ ಒಂದು ಪೂಲ್ ಕ್ಯೂನ, ಅಂದರೆ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲಿನ ಕತೆ ಇದು. ದೊಡ್ಡ ರಿಪೇರಿಯೇನಲ್ಲ. ಟಿಪ್ (ಚೆಂಡಿಗೆ ತಾಗುವ ತುದಿ) ಸರಿಯಿತ್ತು, ಜಾಯಿಂಟ್ (ಎರಡು ತುಂಡು ಕೂಡುವ ಜಾಗ) ಸರಿಯಿತ್ತು, ಕಟ್ಟಿಗೆ ಬಾಗಿರಲಿಲ್ಲ. ಶಾಫ್ಟ್, ಅಂದರೆ ಬೆರಳಲ್ಲಿ ಓಡುವ ಮುಂದಿನ ತುಂಡು, ಅಂಟುತ್ತಿತ್ತು, ಅಷ್ಟೇ. ಆ ಅಂಟು ಬಿಡಿಸಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ವಾರ ಪೂರ್ತಿ ನಾನೇ ದಾರಿ ತಪ್ಪಿದ್ದೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆದಿಡುತ್ತಿದ್ದೇನೆ.

ಹಗಲು ನನ್ನದು ಟಿಳಕವಾಡಿಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಸಂಜೆ ಏಳರ ಮೇಲೆ ಹತ್ತಿರದ ಒಂದು ಹಾಲ್‌ನಲ್ಲಿ ಕೂರುತ್ತೇನೆ. ಅಲ್ಲಿ 12 ಅಡಿಯ ಸ್ನೂಕರ್ ಟೇಬಲ್ ಒಂದಿದೆ, 8 ಅಡಿಯ ಪೂಲ್ ಟೇಬಲ್ ಎರಡಿವೆ. 2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಾಗ ಕ್ಯೂ ಹಿಡಿದವರಲ್ಲಿ ನಾನೂ ಒಬ್ಬ. ಆಟ ನನಗೆ ಒಲಿಯಲಿಲ್ಲ. ಟಿಪ್ ಕೂರಿಸುವುದು, ಫೆರುಲ್ (ಟಿಪ್ ಕೆಳಗಿನ ಗಟ್ಟಿ ಬಳೆ) ಸರಿ ಮಾಡುವುದು ಕೈಗೆ ಹತ್ತಿತು. ಈಗ ಹುಡುಗರು ಆಡುತ್ತಾರೆ, ನಾನು ಮೂಲೆಯಲ್ಲಿ ಕೂತು ಅವರ ಸ್ಟಿಕ್ ತಿದ್ದುತ್ತೇನೆ.

ಈ ಕ್ಯೂ ತಂದ ಹುಡುಗ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಮೇಲೆ ಕೆಲಸ ಮಾಡುತ್ತಾನೆ. ಹಾಲ್‌ನಲ್ಲಿ ಅವನನ್ನು ಎಲ್ಲರೂ ಟರ್ನರ್ ಅಂತಲೇ ಕರೆಯುವುದು. ಇಲ್ಲೂ ಅದೇ ಇರಲಿ.

ಪುನರ್ವಸು ಮಳೆ ಹಿಡಿದಿತ್ತು. ಟರ್ನರ್ ರೇನ್‌ಕೋಟ್ ಕೂಡ ಬಿಚ್ಚದೆ ಬಂದು ನನ್ನ ಮುಂದೆ ನಿಂತ.

"ಕಾಕಾ, ಸ್ಟಿಕ್ ಅಂಟಾಕತ್ತೈತ್ರಿ. ಮೊದಲನೇ ಗೇಮ್ ಚಲೋ ಹೋಗ್ತೈತಿ. ಆಮ್ಯಾಲ ಬೆರಳಿಗೆ ಹಿಡ್ಕೊಂಡ್ ಬಿಡ್ತೈತಿ ನೋಡ್ರಿ."

ಈ ಮಾತನ್ನು ನೆನಪಿಡಿ. ರೋಗದ ಪೂರ್ತಿ ಸುಳಿವು ಅದರಲ್ಲೇ ಇತ್ತು. ನಾನು ಕೇಳಿಸಿಕೊಂಡೆ, ಆದರೆ ಗಮನ ಕೊಡಲಿಲ್ಲ.

ಕೈಗೆ ಬಂದಾಗ ಹೇಗಿತ್ತು

ಎರಡು ತುಂಡಿನ ಕ್ಯೂ. ಶಾಫ್ಟ್ ಮೇಪಲ್ ಕಟ್ಟಿಗೆಯದು, ಸುಮಾರು 29 ಇಂಚು. ಪೂಲ್ ಕ್ಯೂಗಳಿಗೆ ಸಾಮಾನ್ಯವಾಗಿ ಮೇಪಲ್ಲೇ. ಅದರ ಎಳೆ ಒತ್ತಾಗಿರುತ್ತವೆ, ಮೇಲ್ಮೈ ಸಪಾಟಾಗಿರುತ್ತದೆ. ಸ್ನೂಕರ್‌ನವರು ಆಶ್ ಮರ ಇಷ್ಟಪಡುತ್ತಾರೆ. ಅದರಲ್ಲಿ ಎಳೆ ಬಾಯಿ ಬಿಟ್ಟಿರುತ್ತವೆ, ಬಾಣದ ಗುರುತಿನಂಥ ಗೆರೆಗಳು ಬೆರಳಿಗೇ ಸಿಗುತ್ತವೆ. ಎರಡೂ ಕ್ಯೂನೇ ಆದರೂ ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಈ ಪ್ರಕರಣದ ಅರ್ಧ ಗೋಳು ಅದರಿಂದಲೇ ಶುರುವಾಗಿದ್ದು.

ಶಾಫ್ಟ್ ಅನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿದೆ. ಫೆರುಲ್‌ನಿಂದ ಒಂದು ಗೇಣು ನೀಲಿ. ಅದರ ಕೆಳಗೆ ಇನ್ನೂ ಒಂದು ಗೇಣು ಕಪ್ಪು ಬೂದಿ ಬಣ್ಣ, ಹಳೇ ಬಸ್ಸಿನ ಕಂಬಿಯ ಹಾಗೆ. ಅದರಾಚೆ ಕಟ್ಟಿಗೆಯ ಸ್ವಂತ ಬಣ್ಣ. ನೀಲಿ ಅಂದರೆ ಚಾಕ್. ಬೂದಿ ಬಣ್ಣ ಬಂದದ್ದು ಎಡಗೈ ಬೆರಳಿನ ನಡುವೆ ಕ್ಯೂ ಹರಿದಾಡುವ ಜಾಗದಲ್ಲಿ. ಬೆವರು, ಚರ್ಮದ ಜಿಡ್ಡು, ಧೂಳು, ಪೌಡರ್ ಎಲ್ಲ ಸೇರಿ ಅಲ್ಲಿ ಕೂರುತ್ತವೆ.

ಚಾಕ್ ಬಗ್ಗೆ ಒಂದು ಮಾತು. ಹೆಸರು ಚಾಕ್ ಆದರೂ ಅದು ಶಾಲೆಯ ಚಾಕ್‌ಪೀಸ್ ಅಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಅನ್ನುವ ಬಿಲಿಯರ್ಡ್ಸ್ ಆಟಗಾರ, ವಿಲಿಯಂ ಹಾಸ್ಕಿನ್ಸ್ ಅನ್ನುವ ರಸಾಯನ ತಜ್ಞ ಸೇರಿ ಇದರ ಪೇಟೆಂಟ್ ಪಡೆದರು. ಅದರಲ್ಲಿರುವುದು ನುಣ್ಣನೆಯ ಸಿಲಿಕಾ ಮತ್ತು ಉಜ್ಜುವ ಪುಡಿ. ಅಂದರೆ ಮೆತ್ತಗಿನ ಮರಳು ಕಾಗದದ ಪುಡಿ ಅಂದುಕೊಳ್ಳಿ. ಚೆಂಡಿನ ಮೇಲೆ ಟಿಪ್ ಜಾರಬಾರದು ಅಂತಲೇ ಮಾಡಿದ್ದು. ಅದೇ ಪುಡಿ ಶಾಫ್ಟ್ ಮೇಲೆ ಉದುರಿದರೆ ಅಲ್ಲೂ ಜಾರಲು ಬಿಡುವುದಿಲ್ಲ, ಅಲ್ವಾ?

ನನ್ನ ಮೊದಲ ಊಹೆ ಇದೇ. ಮಳೆಗಾಲ, ಗಾಳಿಯಲ್ಲಿ ತೇವ, ಬೆವರು ಒಣಗುವುದಿಲ್ಲ, ಚಾಕ್ ಕೂತಿದೆ. ಹೋದ ವರ್ಷವೂ ಹತ್ತು ಕ್ಯೂ ಇದೇ ಕಾರಣಕ್ಕೆ ಬಂದಿದ್ದವು. ಬಟ್ಟೆಯನ್ನು ನೀರಲ್ಲಿ ಅದ್ದಿ, ಪೂರ್ತಿ ಹಿಂಡಿ, ಶಾಫ್ಟ್ ಮೇಲೆ ಎರಡು ಸಲ ಎಳೆದೆ. ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ನೀಲಿಯಾಯಿತು, ಕಪ್ಪಾಯಿತು. ಶಾಫ್ಟ್ ಬೆಳ್ಳಗಾಯಿತು. ಕೆಲಸ ಮುಗಿಯಿತು ಅಂದುಕೊಂಡು ಕೊಟ್ಟು ಕಳಿಸಿದೆ.

ಮೂರೇ ದಿನಕ್ಕೆ ವಾಪಸ್ ಬಂತು. ಈಗ ಅಂಟೂ ಇದೆ, ಜೊತೆಗೆ ಗರಗರ ಅನ್ನುತ್ತದೆ ಅಂದ ಟರ್ನರ್. ಗರಗರ ನನ್ನ ಕಾಣಿಕೆ. ಬರೀ ಕಟ್ಟಿಗೆಗೆ ನೀರು ತಾಗಿದರೆ ಮೇಲಿನ ಎಳೆಗಳು ಉಬ್ಬಿ ಎದ್ದು ನಿಲ್ಲುತ್ತವೆ. ಹೊಸ ಶಾಫ್ಟ್‌ಗೆ ಮೇಲೆ ಸೀಲರ್‌ನ ತೆಳು ಲೇಪ ಇರುತ್ತದೆ, ಒದ್ದೆ ಬಟ್ಟೆಯ ಒಂದೆರಡು ಎಳೆತ ಅದು ತಡೆಯುತ್ತದೆ. ಇದರ ಲೇಪ ಯಾವಾಗಲೋ ಹೋಗಿತ್ತು. ಯಾಕೆ ಹೋಗಿತ್ತು ಅಂತ ನಾನು ಕೇಳಲೇ ಇಲ್ಲ.

ಬಜಿ ಕಾಗದದ ಕಲೆ

ಎರಡನೇ ಸಲ ಅವನು ಕ್ಯೂ ಕೊಟ್ಟದ್ದು ಬೆಳಿಗ್ಗೆ. ಮೊದಲ ಶಿಫ್ಟ್‌ಗೆ ಹೋಗುವಾಗ ಅಂಗಡಿಗೆ ಬಂದು ಇಟ್ಟು ಹೋದ. ಗಿರಾಕಿ ಇರಲಿಲ್ಲ. ಶಾಫ್ಟ್ ತೆಗೆದು ಬೆರಳಾಡಿಸಿದೆ. ಗರಗರ ಇತ್ತು, ಆದರೆ ಅಂಟಿರಲಿಲ್ಲ. ಒಣ ಒಣ. ಇವನೇನು ಸುಮ್ನೆ ಹೇಳುತ್ತಿದ್ದಾನಾ ಅನಿಸಿತು.

ಎದ್ದ ಎಳೆ ಕೂರಿಸಲು ನನ್ನದೊಂದು ಪದ್ಧತಿ ಇದೆ. ಎ4 ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಶಾಫ್ಟ್ ಸುತ್ತ ಹಿಡಿದು, ಬಿಸಿಯಾಗುವವರೆಗೆ ಮೇಲೆ ಕೆಳಗೆ ಜೋರಾಗಿ ತಿಕ್ಕುವುದು. ಕೆಲವರು ಇದನ್ನೇ ಹೊಸ ನೋಟಿನಿಂದ ಮಾಡುತ್ತಾರೆ, ಕೆಲವರು ಚರ್ಮದ ತುಂಡಿನಿಂದ. ನನ್ನ ಅಂಗಡಿಯಲ್ಲಿ ಕಾಗದಕ್ಕೇನು ಬರ. ಮಷಿನ್‌ನಿಂದ ಆಗಷ್ಟೇ ಹೊರಬಂದ ಹಾಳೆಯಾದರೆ ಇನ್ನೂ ಚಲೋ, ಬೆಚ್ಚಗೆ ಒಣಗಿರುತ್ತದೆ. ಖಾಲಿ ಹಾಳೆಯನ್ನೇ ಒಮ್ಮೆ ಮಷಿನ್‌ನಲ್ಲಿ ಓಡಿಸಿ ತೆಗೆದುಕೊಳ್ಳುತ್ತೇನೆ, ಮಸಿ ಹತ್ತಬಾರದಲ್ಲ.

ಇಪ್ಪತ್ತು ಮೂವತ್ತು ಸಲ ತಿಕ್ಕಿದೆ. ಶಾಫ್ಟ್ ಬಿಸಿಯಾಯಿತು. ಅಲ್ಲಿಯೇ ಅಂಟು ಶುರುವಾಯಿತು. ಕಾಗದ ಎಳೆದರೆ ಬರದಷ್ಟು ಬಿಗಿ. ಬಿಡಿಸಿ ನೋಡಿದರೆ ಹಾಳೆಯ ನಡುವೆ ಉದ್ದಕ್ಕೆ ಒಂದು ಕಲೆ. ಬೆಳಕಿಗೆ ಹಿಡಿದೆ. ಆ ಜಾಗ ಪಾರದರ್ಶಕವಾಗಿತ್ತು. ಮಿರ್ಚಿ ಬಜಿ ಕಟ್ಟಿಕೊಟ್ಟ ಕಾಗದ ಇರುತ್ತದಲ್ಲ, ಹಾಗೆ.

ಬೆವರಾಗಿದ್ದರೆ ಒಣಗಬೇಕು. ಹಾಳೆಯನ್ನು ಕೌಂಟರ್ ಮೇಲೆ ಇಟ್ಟೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೂ ಕಲೆ ಹಾಗೇ ಇತ್ತು. ಅದು ಎಣ್ಣೆ. ಚರ್ಮದ ಜಿಡ್ಡು ಇಷ್ಟು ಬರುವುದಿಲ್ಲ. ಫೋನ್ ಮಾಡಿದೆ.

"ಎಣ್ಣಿ ಏನರ ಹಚ್ಚೀಯೇನಪಾ?"

ಆ ಕಡೆ ಲೇತ್ ಸದ್ದು ಮಾತ್ರ. ಆಮೇಲೆ, "ಸ್ವಲ್ಪ ಹಚ್ಚೀನ್ರಿ."

"ಯಾವ ಎಣ್ಣಿ?"

"ಕೊಬ್ಬರಿ ಎಣ್ಣಿರಿ ಕಾಕಾ. ಸ್ನೂಕರ್ ಆಡೋರು ಅಗಸಿ ಎಣ್ಣಿ ಹಚ್ಚಬೇಕ ಅಂದಿದ್ರು. ಮನ್ಯಾಗ ಇರಲಿಲ್ಲ. ಎಣ್ಣಿ ಎಣ್ಣಿನ ಅಲ್ಲೇನ್ರಿ ಅಂತ…"

ಮನೆಗೆ ಬಂದಾಗ ಬಚ್ಚಲ ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ನೋಡಿದೆ. ಅರ್ಧ ಹೆಪ್ಪುಗಟ್ಟಿತ್ತು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಜುಲೈನಲ್ಲಿ ಬೆಳಗಾವಿಯ ಬೆಳಗು ಅದಕ್ಕಿಂತ ತಂಪು. ಸಹ್ಯಾದ್ರಿಯ ಮಗ್ಗುಲಲ್ಲಿದ್ದೇವೆ, ಮಳೆ ಹಿಡಿದರೆ ಹಗಲೂ ಬಿಸಿಲಿರುವುದಿಲ್ಲ. ಅಂದರೆ ರಾತ್ರಿಯಿಡೀ ಶಾಫ್ಟ್ ಮೇಲಿನ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ. ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಒಂದಿಷ್ಟು ಜಾರುತ್ತದೆ ಕೂಡ. ಹಾಲ್‌ನಲ್ಲಿ ಹದಿನೈದು ನಿಮಿಷ ಆಡಿದರೆ ಕೈ ಬಿಸಿ, ಉಜ್ಜುವ ಬಿಸಿ ಎರಡೂ ಸೇರಿ ಎಣ್ಣೆ ಕರಗುತ್ತದೆ. ಅದಕ್ಕೆ ಪೌಡರ್, ಚಾಕ್, ಧೂಳು ಕೂಡಿ ಹಿಟ್ಟಿನಂತಾಗುತ್ತದೆ. ಮೊದಲನೇ ಗೇಮ್ ಚಲೋ, ಆಮೇಲೆ ಹಿಡಿಯುತ್ತದೆ. ಹುಡುಗ ಮೊದಲ ದಿನವೇ ಹೇಳಿದ್ದು ಇದನ್ನೇ.

ಬೇಸಿಗೆಯಲ್ಲಿ ಹಚ್ಚಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಇಡೀ ದಿನ ಜಿಡ್ಡಾಗೇ ಇರುತ್ತಿತ್ತು. ಮಳೆಗಾಲದ ತಂಪು ಅದನ್ನು ಬಚ್ಚಿಟ್ಟಿತ್ತು.

ಅಗಸೆ ಬೇರೆ, ಕೊಬ್ಬರಿ ಬೇರೆ

ಟರ್ನರ್‌ಗೆ ಯಾರೋ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಶ್ ಕ್ಯೂಗೆ ಅಗಸೆ ಎಣ್ಣೆ ಹಚ್ಚುವುದು ಸ್ನೂಕರ್‌ನವರ ಹಳೆಯ ರೂಢಿ. ನಮ್ಮ ಕಡೆ ಅಗಸಿ ಅಂದರೆ ಚಟ್ನಿಪುಡಿ. ಆದರೆ ಅದರ ಎಣ್ಣೆಗೆ ಒಂದು ಗುಣ ಇದೆ, ಅದು ಒಣಗುತ್ತದೆ. ನೀರು ಒಣಗಿದ ಹಾಗೆ ಆವಿಯಾಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿ, ತಾನೇ ಗಟ್ಟಿಯಾಗಿ, ತೆಳು ಪೊರೆಯಾಗುತ್ತದೆ. ಆಯಿಲ್ ಪೇಂಟ್ ಗಟ್ಟಿಯಾಗುವುದೂ ಹೀಗೆಯೇ. ಆಶ್‌ನ ತೆರೆದ ಎಳೆಗಳಿಗೆ ಅದು ಮುಚ್ಚಳದಂತೆ. ಅದನ್ನೂ ಸುರಿಯುವುದಲ್ಲ. ನಾಲ್ಕು ಹನಿ ಬಟ್ಟೆಗೆ ಹಾಕಿ ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ, ಒಂದೆರಡು ದಿನ ಕ್ಯೂ ಮುಟ್ಟದೆ ಇಡಬೇಕು.

ಕೊಬ್ಬರಿ ಎಣ್ಣೆಗೆ ಈ ಗುಣ ಇಲ್ಲ. ವರ್ಷ ಇಟ್ಟರೂ ಎಣ್ಣೆಯೇ. ತಲೆಗೆ ಅದೇ ಒಳ್ಳೆಯದು, ಕಟ್ಟಿಗೆಗೆ ಅದೇ ಕೆಟ್ಟದ್ದು. ಶೇಂಗಾ ಎಣ್ಣೆ ಹಚ್ಚಿದವರನ್ನೂ ಕಂಡಿದ್ದೇನೆ. ಅದು ಸರಿಯಾಗಿ ಒಣಗುವುದೂ ಇಲ್ಲ, ಹಾಗೇ ಇರುವುದೂ ಇಲ್ಲ. ಹಳೇ ಬಾಣಲೆಯ ಅಂಚಿನಂತೆ ಜಿಗುಟಾಗುತ್ತದೆ.

ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಅದರಿಂದ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಸಂಜೆ ಟರ್ನರ್ ಬಂದು ಉಳಿದದ್ದನ್ನೂ ಬಾಯಿ ಬಿಟ್ಟ. ಏಪ್ರಿಲ್‌ನಲ್ಲಿ ಬೆವರಿಗೆ ಕೈ ಅಂಟುತ್ತಿತ್ತು, ಟಾಲ್ಕಂ ಪೌಡರ್ ಹಾಕಿಕೊಂಡ. ಪೌಡರ್ ಮೊದಲು ಹಾಯೆನಿಸುತ್ತದೆ, ಬೆವರು ಕೂಡಿದರೆ ಕೆಸರು. ಆ ಕೆಸರು ತೆಗೆಯಲು ಶಾಪ್‌ನಿಂದ ಎಮರಿ (ಲೋಹ ಉಜ್ಜುವ ಮರಳು ಕಾಗದ) ತಂದು ಉಜ್ಜಿದ. ಮೊದಲು 220 ನಂಬರಿನದು, ಆಮೇಲೆ ಇನ್ನೂ ನುಣುಪಿನ 400. ಉಜ್ಜಿದ ದಿನ ಬೆಣ್ಣೆಯಂತೆ ಹೋಯಿತಂತೆ. ಹಾಗಾಗಿ ಎರಡು ತಿಂಗಳು ಪ್ರತಿ ಭಾನುವಾರ ಅದೇ ಪೂಜೆ. ಸೀಲರ್ ಹೋದದ್ದು ಆಗಲೇ. ಬರೀ ಕಟ್ಟಿಗೆ ಬೆವರನ್ನು ಇನ್ನೂ ಬೇಗ ಕುಡಿಯಿತು. ಮಳೆ ಶುರುವಾದ ಮೇಲೆ ಎಣ್ಣೆಯ ಸಲಹೆ ಸಿಕ್ಕಿತು. ಎಣ್ಣೆ ಜಿಡ್ಡಾಯಿತು ಅಂತ ಅದರ ಮೇಲೆ ಮತ್ತೆ ಪೌಡರ್.

ಒಂದೊಂದಕ್ಕೂ ಅವನ ಬಳಿ ಕಾರಣ ಇತ್ತು, ನಿಜ ಹೇಳಬೇಕೆಂದರೆ ಒಂದೂ ಹುಚ್ಚು ಕಾರಣ ಅಲ್ಲ. ಒಂದರ ಮೇಲೊಂದು ಹಚ್ಚುತ್ತಾ ಹೋದ, ತೆಗೆಯುವ ಯೋಚನೆ ಬರಲಿಲ್ಲ ಅಷ್ಟೇ. ನಾನು ಮಾತ್ರ ಕಡಿಮೆಯೇ? ಅವನು ಹಚ್ಚಿದ್ದರ ಮೇಲೆ ನೀರೆಳೆದೆ.

ತೆಗೆಯುವ ಕೆಲಸ

ಟರ್ನರ್ ಮೊದಲು ಬೈಕಿನ ಪೆಟ್ರೋಲ್ ಅಂದ. ಬೇಡ ಅಂದೆ. ವಾಸನೆ ಕಟ್ಟಿಗೆಯಲ್ಲಿ ಕೂರುತ್ತದೆ, ಮುಚ್ಚಿದ ಹಾಲ್‌ನಲ್ಲಿ ಬೆಂಕಿಯ ಭಯ ಬೇರೆ. ಥಿನ್ನರ್ ಅಂದ. ಅದೂ ಬೇಡ. ಥಿನ್ನರ್ ಜಾಯಿಂಟ್ ಹತ್ತಿರದ ಪಾಲಿಶ್ ಕರಗಿಸುತ್ತದೆ, ಪ್ಲಾಸ್ಟಿಕ್ ಫೆರುಲ್ ಆದರೆ ಅದಕ್ಕೂ ಪೆಟ್ಟು. ಇನ್ನೊಬ್ಬ ಹುಡುಗ ಜೇಬಿನಿಂದ ಸ್ಯಾನಿಟೈಸರ್ ತೆಗೆದ. ಅದರಲ್ಲಿ ಕೈ ಒಡೆಯದಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ, ಒಣಗಿದ ಮೇಲೆ ಅದೇ ಅಂಟು.

ನಾನು ತರಿಸಿದ್ದು ಎರಡು. ಪೇಂಟ್ ಅಂಗಡಿಯಿಂದ ಟರ್ಪಂಟೈನ್ ಒಂದು ಸಣ್ಣ ಬಾಟಲಿ. ಮೊಬೈಲ್ ರಿಪೇರಿ ಅಂಗಡಿಯಿಂದ ಐಪಿಎ, ಬೋರ್ಡ್ ತೊಳೆಯಲು ಅವರು ಇಟ್ಟುಕೊಳ್ಳುವ ಆಲ್ಕೋಹಾಲ್. ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪರ್ಸೆಂಟ್‌ನದ್ದು ಬೇಡ ಅಂದೆ. ಉಳಿದ 30 ನೀರು, ನೀರಿನ ರುಚಿ ನಾನು ಒಮ್ಮೆ ನೋಡಿಯಾಗಿತ್ತು. ಮೊಬೈಲ್‌ನವರದ್ದು 99 ಪರ್ಸೆಂಟ್.

ಕೆಲಸದ ಕ್ರಮ ಹೀಗೆ ನಡೆಯಿತು. ಮೊದಲು ಬೆಚ್ಚಗಿನ ಹಾಳೆಯಿಂದ ಶಾಫ್ಟ್ ತಿಕ್ಕಿ ಬಿಸಿ ಮಾಡುವುದು, ಎಣ್ಣೆ ಕರಗಿ ಮೇಲೆ ಬರಲಿ ಅಂತ. ಬಂದದ್ದನ್ನು ಕಾಗದವೇ ಕುಡಿಯುತ್ತದೆ. ಹಾಳೆ ಬದಲಿಸಿ ಮತ್ತೆ ತಿಕ್ಕುವುದು. ಕಲೆ ಸಣ್ಣದಾಗುತ್ತಾ ಬಂದ ಮೇಲೆ ಬಟ್ಟೆಗೆ ಟರ್ಪಂಟೈನ್ ತುಸು ತಾಗಿಸಿ, ಹನಿ ಬೀಳದಷ್ಟು, ಜಾಯಿಂಟ್ ಕಡೆಯಿಂದ ಟಿಪ್ ಕಡೆಗೆ ಉದ್ದಕ್ಕೆ ಎಳೆಯುವುದು. ಅಡ್ಡ ಉಜ್ಜುವಂತಿಲ್ಲ. ಕೂಡಲೇ ಒಣ ಬಟ್ಟೆ. ಕಿಟಕಿ ತೆಗೆದಿಟ್ಟು ಅರ್ಧ ಗಂಟೆ ಬಿಟ್ಟು, ಐಪಿಎ ತಾಗಿಸಿದ ಬಟ್ಟೆಯಿಂದ ಇನ್ನೊಮ್ಮೆ. ಟರ್ಪಂಟೈನ್ ಬಿಟ್ಟುಹೋದ ತೆಳು ಜಿಡ್ಡು ಅದರಲ್ಲಿ ಹೋಗುತ್ತದೆ. ಅವತ್ತು ನನ್ನ ಮೂಲೆಯಲ್ಲಿ ಯಾರಿಗೂ ಬೀಡಿ ಸಿಗರೇಟ್ ಇಲ್ಲ. ಫೆರುಲ್ ಮತ್ತು ಟಿಪ್ ಹತ್ತಿರ ಮಾತ್ರ ಎರಡು ಬೆರಳು ಜಾಗ ಬಿಟ್ಟೆ. ಅಂಟು ಹಾಕಿ ಕೂರಿಸಿದ ಜಾಗ, ಅಲ್ಲಿ ಏನಾದರೂ ಇಳಿದರೆ ಟಿಪ್ಪೇ ಹಾರಿತು ಅಂತ ಹೆದರಿಕೆ.

ಮಾರನೇ ದಿನ ಬೆಳಿಗ್ಗೆ ಮುಟ್ಟಿದರೆ ಚೆನ್ನಾಗಿತ್ತು. ಈ ಸಲ ಬೆಳಗಿನ ಮಾತು ನಂಬಲಿಲ್ಲ. ಹಾಳೆ ಸುತ್ತಿ ಬಿಸಿ ಮಾಡಿ ನೋಡಿದೆ, ಮತ್ತೆ ಕಲೆ. ಕಟ್ಟಿಗೆಯೊಳಗೆ ಇಳಿದ ಎಣ್ಣೆ ಒಂದೇ ದಿನ ಬರುವುದಿಲ್ಲ. ಮೇಲಿನದು ಹೋದ ಮೇಲೆ ಒಳಗಿನದು ಮೆಲ್ಲಗೆ ಹೊರಗೆ ಬರುತ್ತದೆ. ಒಂದು ದಿನ ಕೆಲಸ, ಎರಡು ದಿನ ಬಿಡುವು, ಹೀಗೆ ಐದು ಸಲ ಮಾಡಿದೆ. ಪ್ರತಿ ಸಲದ ಹಾಳೆ ಮೇಲೆ ತಾರೀಖು ಬರೆದು ಗೋಡೆಗೆ ಅಂಟಿಸಿದೆ. ಟರ್ನರ್ ದಿನಾ ಸಂಜೆ ಬಂದು ಅದನ್ನು ಬೆಳಕಿಗೆ ಹಿಡಿದು ನೋಡುವನು, ಎಕ್ಸ್‌ರೇ ನೋಡುವ ಡಾಕ್ಟರ್ ಹಾಗೆ. ಐದನೇ ಹಾಳೆಯಲ್ಲಿ ಕಲೆ ಕಾಣಲಿಲ್ಲ.

ನೀಲಿ ಬಣ್ಣ ಪೂರ್ತಿ ಹೋಗಲಿಲ್ಲ. ಅವನಿಗೆ ಅದೊಂದು ಬೇಸರ. ಬಿಳಿ ಮಾಡಿಕೊಡ್ರಿ ಅಂದ. ನಾನು ಒಪ್ಪಲಿಲ್ಲ. ಚಾಕ್‌ನ ಬಣ್ಣ ಎಳೆಯೊಳಗೆ ಕೂತಿದೆ, ಅದು ಅಂಟುವುದಿಲ್ಲ, ಆಟಕ್ಕೆ ಅಡ್ಡ ಬರುವುದಿಲ್ಲ. ಅದನ್ನು ತೆಗೆಯಬೇಕೆಂದರೆ ಕಟ್ಟಿಗೆಯನ್ನೇ ತೆಗೆಯಬೇಕು. ಹೊಳಪಿಗಾಗಿ ಶಾಫ್ಟ್ ಸವೆಸುವವರು ಜಾಸ್ತಿ, ಆಟಕ್ಕಾಗಿ ಸವೆಸುವವರು ಕಡಿಮೆ. ನನ್ನ ಲೆಕ್ಕದಲ್ಲಿ ನೀಲಿ ಶಾಫ್ಟ್ ಅಂದರೆ ಆಡಿದ ಶಾಫ್ಟ್.

ವರ್ನಿಯರ್ ಹೇಳಿದ್ದು

ಎಣ್ಣೆ ಹೋದ ಮೇಲೆ ಬೆರಳಿಗೆ ಇನ್ನೊಂದು ಸಿಕ್ಕಿತು. ಫೆರುಲ್‌ನಿಂದ ಕೆಳಗೆ ಬರುವಾಗ ಒಂದು ಕಡೆ ಸಣ್ಣಗೆ ತಗ್ಗು, ಆಮೇಲೆ ಉಬ್ಬು. ಜಿಡ್ಡು ಇರುವಾಗ ಇದು ತಿಳಿದಿರಲಿಲ್ಲ. ನಿನ್ನ ವರ್ನಿಯರ್ (ದಪ್ಪ ಅಳೆಯುವ ಸಾಧನ) ತಗೊಂಡ್ ಬಾ ಅಂದೆ. ಡಿಜಿಟಲ್ ವರ್ನಿಯರ್ ತಂದ, ಅಳೆಯುವಾಗ ಅವನ ಕೈ ನೋಡಬೇಕಿತ್ತು. ಕ್ಯೂ ಹಿಡಿಯುವುದಕ್ಕಿಂತ ಚೆಂದ ಹಿಡಿಯುತ್ತಾನೆ.

ಫೆರುಲ್ ಕೆಳಗೆ 12.9 ಮಿಲಿಮೀಟರ್. 15 ಸೆಂಟಿಮೀಟರ್ ಕೆಳಗೆ 12.5. 20ರಲ್ಲಿ ಒಂದು ಬದಿಯಿಂದ 12.4, ಕ್ಯೂ ತಿರುಗಿಸಿದರೆ 12.6. 32ರಲ್ಲಿ ಮತ್ತೆ 12.9. ಅವನೇ ಕಾಗದದ ಮೇಲೆ ಬರೆದುಕೊಂಡ, ಬರೆದು ಸುಮ್ಮನೆ ಕೂತ.

ಸ್ನೂಕರ್ ಕ್ಯೂ ತುದಿಯಿಂದ ಬುಡಕ್ಕೆ ಒಂದೇ ಸಮನೆ ದಪ್ಪ ಆಗುತ್ತಾ ಹೋಗುತ್ತದೆ. ಬಹಳಷ್ಟು ಪೂಲ್ ಶಾಫ್ಟ್‌ಗಳು ಹಾಗಲ್ಲ. ತುದಿಯಿಂದ 10ರಿಂದ 15 ಇಂಚಿನವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತವೆ, ಬೆರಳ ಉಂಗುರದಲ್ಲಿ ಒಂದೇ ಸಡಿಲದಲ್ಲಿ ಓಡಲಿ ಅಂತ. ಇದೂ ಆ ಜಾತಿಯದೇ. ಎಮರಿಯನ್ನು ಬೆರಳಲ್ಲಿ ಹಿಡಿದು ಅಂಟುವ ಜಾಗವನ್ನಷ್ಟೇ ಉಜ್ಜಿದ್ದರಿಂದ ಶಾಫ್ಟ್‌ಗೆ ಸೊಂಟ ಬಂದಿತ್ತು. ಒಂದು ಬದಿ ಹೆಚ್ಚು ಒತ್ತಿದ್ದರಿಂದ ದುಂಡು ಹೋಗಿ ಮೊಟ್ಟೆಯಾಗಿತ್ತು. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬಹುದು. ಲೇತ್ ಮೇಲೆ ದುಡಿಯುವವನಿಗೆ ಅರ್ಧ ಮಿಲಿಮೀಟರ್ ಅಂದರೆ ರಿಜೆಕ್ಟ್ ಆದ ಮಾಲು.

"ನಮ್ಮ ಶಾಪ್‌ನ್ಯಾಗ ಲೇತ್‌ಗೆ ಹಾಕಿ ಒಂದ್ ಸಮ ಮಾಡ್ಲೇನ್ರಿ?" ಅಂದ.

ನನಗೂ ಒಂದು ಕ್ಷಣ ಆಸೆ ಆಯಿತು. ಆದರೆ 29 ಇಂಚಿನ ತೆಳ್ಳನೆ ಕಟ್ಟಿಗೆ ಕಬ್ಬಿಣದ ಲೇತ್ ಮೇಲೆ ನಡುವಿನಲ್ಲಿ ಕುಣಿಯುತ್ತದೆ, ಆಸರೆ ಕೊಟ್ಟು ನಿಧಾನಕ್ಕೆ ಹೋಗದಿದ್ದರೆ ಟೂಲ್ ಕಚ್ಚಿಕೊಂಡು ಸೀಳುತ್ತದೆ. ಕ್ಯೂ ಮಾಡುವವರು ಶಾಫ್ಟ್ ಅನ್ನು ಒಂದೇ ಸಲ ಇಳಿಸುವುದಿಲ್ಲ. ಸ್ವಲ್ಪ ತೆಗೆದು, ವಾರಗಟ್ಟಲೆ ತೂಗುಹಾಕಿ, ಕಟ್ಟಿಗೆ ಬಾಗುತ್ತದೋ ನೋಡಿ ಮತ್ತೆ ಸ್ವಲ್ಪ ತೆಗೆಯುತ್ತಾರೆ. ಅಷ್ಟೂ ಮಾಡಿದರೂ ಈ ಶಾಫ್ಟ್ ಎಲ್ಲ ಕಡೆ 12.4ಕ್ಕೆ ಇಳಿಯುತ್ತದೆ, ಫೆರುಲ್ ಸಮೇತ. ಬಳುಕು ಬದಲಾಗುತ್ತದೆ, ಹೊಡೆತ ಬದಲಾಗುತ್ತದೆ. ಸೊಂಟ ಇರುವ ಶಾಫ್ಟ್ ಒಗ್ಗಿಹೋಗುತ್ತದೆ, ಬಿಡು ಅಂದೆ. ಬಿಟ್ಟ. ಮನಸ್ಸಿಲ್ಲದೆ ಬಿಟ್ಟ.

ಎಮರಿಯ ಅಡ್ಡ ಗೆರೆಗಳು ಇನ್ನೂ ಇದ್ದವು, ಬಳೆಗಳ ಹಾಗೆ. ಕೊಳೆ ಕೂರುವುದು ಅವುಗಳೊಳಗೇ. ಅಲ್ಲಿಗೆ ಮಾತ್ರ 2000 ನಂಬರಿನ ತೀರಾ ನುಣುಪಾದ ಮರಳು ಕಾಗದ, ಉದ್ದಕ್ಕೆ, ಬೆರಳ ಭಾರವೂ ಹಾಕದೆ ಆರೇಳು ಎಳೆತ. ಎಮರಿ ಬೈದವನೇ ಮತ್ತೆ ಕಾಗದ ಹಿಡಿದೆ ಅನ್ನಬೇಡಿ. ಒಮ್ಮೆ ಮಾಡಿ ಆ ಹಾಳೆ ಎಸೆದೆ. ಆಮೇಲೆ ಹಳೇ ಬೆಲ್ಟ್‌ನ ಚರ್ಮದ ಒಳಬದಿಯಿಂದ ಬಿಸಿಯಾಗುವವರೆಗೆ ತಿಕ್ಕಿ, ಗಟ್ಟಿ ಮೇಣದ ಪಾಲಿಶ್ ಉಗುರಿನಷ್ಟು ತೆಗೆದುಕೊಂಡು ಹಚ್ಚಿ, ಹತ್ತು ನಿಮಿಷಕ್ಕೆ ಪೂರ್ತಿ ಒರೆಸಿದೆ. ಉಳಿಯಬೇಕಾದದ್ದು ಎಳೆಯೊಳಗಿನ ಮೇಣ ಅಷ್ಟೇ. ಮೇಲೆ ಉಳಿದರೆ ಅದೂ ಒಂದು ಅಂಟೇ. ಕಾರ್ ಪಾಲಿಶ್ ಹಾಕಲಿಲ್ಲ. ಹಲವದರಲ್ಲಿ ಸಿಲಿಕೋನ್ ಇರುತ್ತದೆ, ನಾಳೆ ಸೀಲರ್ ಹಾಕಬೇಕೆಂದರೆ ಹಿಡಿಯುವುದಿಲ್ಲ.

ಕೈಯ ವಿಷಯ

ಶಾಫ್ಟ್ ಕಡೆಯದು ಇಷ್ಟು. ಕೈ ಕಡೆಯದು ಬೇರೆ ಇತ್ತು. ಟರ್ನರ್ ಶಿಫ್ಟ್ ಮುಗಿಸಿ ನೇರ ಹಾಲ್‌ಗೆ ಬರುತ್ತಾನೆ. ಕೈ ತೊಳೆದೇ ಬರುತ್ತಾನೆ, ಸುಳ್ಳಲ್ಲ. ಆದರೆ ಲೇತ್ ಕೆಲಸ ತಂಪಿಡುವ ಕೂಲಂಟ್‌ನಲ್ಲಿ ಎಣ್ಣೆ ಇರುತ್ತದೆ, ಬೀಡು ಕಬ್ಬಿಣದ ಕಪ್ಪು ಪುಡಿ ಉಗುರು ಸಂದಿಯಲ್ಲಿ ಇರುತ್ತದೆ. ನೀರಲ್ಲಿ ತೊಳೆದರೆ ಹೋಗುವ ಜಾತಿ ಅಲ್ಲ. ಬಟ್ಟೆ ಸೋಪಿನಿಂದ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಆಡು ಅಂದೆ. ಎರಡು ದಿನ ಮಾಡಿದ, ಮೂರನೇ ದಿನ ಬಿಟ್ಟ. ಮಾಡುತ್ತಾನೆ ಅಂತ ನಾನೂ ನಂಬಿರಲಿಲ್ಲ. ಮೂರು ಬೆರಳಿನ ಗ್ಲೌಸ್ ತರಿಸಿದ. ಮೊದಲು ನಾಚಿಕೊಂಡ, ಒಂದು ವಾರ ಎಲ್ಲರೂ ಅವನನ್ನು ಬ್ಯಾಟ್ಸ್‌ಮನ್ ಅಂತ ಕರೆದರು. ಈಗ ಹಾಲ್‌ನಲ್ಲಿ ನಾಲ್ಕು ಗ್ಲೌಸ್ ಇವೆ.

ಚಾಕ್ ಹಾಕುವ ರೀತಿಯನ್ನೂ ತಿದ್ದಿದೆ. ಅವನು ಕ್ಯೂ ನೆಟ್ಟಗೆ ನಿಲ್ಲಿಸಿ ಮೇಲಿಂದ ಚಾಕ್ ತಿರುವುತ್ತಿದ್ದ, ಪುಡಿಯೆಲ್ಲ ಶಾಫ್ಟ್ ಮೇಲೇ ಇಳಿಯುತ್ತಿತ್ತು. ಕ್ಯೂ ಅಡ್ಡ ಹಿಡಿದು, ಟಿಪ್ ಟೇಬಲ್‌ನಿಂದ ಆಚೆ ಇಟ್ಟು ಹಾಕಿದರೆ ಪುಡಿ ನೆಲಕ್ಕೆ ಬೀಳುತ್ತದೆ. ಗೇಮ್ ಮುಗಿದಾಗಲೆಲ್ಲ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದು ಎಳೆತ. ಟಿಪ್ ಒರೆಸಿದ ನೀಲಿ ಬಟ್ಟೆ ಬೇರೆ, ಶಾಫ್ಟ್ ಒರೆಸುವ ಬಟ್ಟೆ ಬೇರೆ. ಮಳೆಯಲ್ಲಿ ಬೈಕ್ ಮೇಲೆ ತರುವಾಗ ಕೇಸ್‌ಗೆ ಪ್ಲಾಸ್ಟಿಕ್, ಒಳಗೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪುಡಿಕೆ ಎರಡು. ಮನೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುವುದು ಬಂದ್.

ಆಗಸ್ಟ್ ನಡುವಿಗೆ ಕ್ಯೂ ಕೊಟ್ಟೆ. ಅವತ್ತು ಎರಡು ಗಂಟೆ ಬಿಡದೆ ಆಡಿದ. ಹಿಡಿಯಲಿಲ್ಲ. ಸೊಂಟದ ಜಾಗ ಬಂದಾಗ ಬೆರಳಿಗೆ ತಿಳಿಯುತ್ತದೆ ಅಂದ, ತಿಳಿಯಲಿ ಅಂದೆ. ರಿಪೇರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಮೊದಲ ವಾರದ ಗರಗರ ನನ್ನದೇ ತಾನೆ. ಅವನು ಸುಮ್ಮನಿರದೆ ಹಿತ್ತಾಳೆಯಲ್ಲಿ ಒಂದು ಟಿಪ್ ಒತ್ತುವ ಕ್ಲಾಂಪ್ ಮಾಡಿ ತಂದುಕೊಟ್ಟ. ಅದರ ಫಿನಿಷ್ ನೋಡಿದರೆ ಪಾಪ, ಆ ಶಾಫ್ಟ್ ಮೇಲೆ ಎಮರಿ ಆಡಿಸಿದವನು ಇವನೇನಾ ಅನಿಸುತ್ತದೆ.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಜೋರು ಚಳಿ ಇತ್ತು. ಅವನಿಗೆ ಫೋನ್ ಮಾಡಿ ಕ್ಯೂ ತರಲು ಹೇಳಿದೆ. ಕೊಬ್ಬರಿ ಎಣ್ಣೆ ಎಲ್ಲಾದರೂ ಉಳಿದಿದ್ದರೆ ಹೆಪ್ಪುಗಟ್ಟಿ ಕಾಣುವ ದಿನ ಅದು. ಅಂಗಡಿ ಬಾಗಿಲಲ್ಲಿ ನಿಂತು ಬಿಸಿಲಿಗೆ ತಿರುಗಿಸಿ ನೋಡಿದೆವು. ಶಾಫ್ಟ್ ಪೂರ್ತಿ ಸ್ವಚ್ಛ. ಫೆರುಲ್ ಕೆಳಗೆ ಮಾತ್ರ ಎರಡು ಬೆರಳು ಜಾಗದಲ್ಲಿ ಬಿಳಿ ಮಂಜಿನಂಥ ಪೊರೆ. ಅಂಟು ಬಿಟ್ಟೀತು ಅಂತ ನಾನು ಹೆದರಿ ಬಿಟ್ಟ ಜಾಗ. ಟರ್ನರ್ ಏನೂ ಹೇಳಲಿಲ್ಲ. ಒಳಗೆ ಹೋಗಿ ಮಷಿನ್‌ನಿಂದ ಒಂದು ಬೆಚ್ಚಗಿನ ಹಾಳೆ ತೆಗೆದುಕೊಂಡು ಬಂದ.